ದೇವರು ಎಲ್ಲವನ್ನೂ ಮೊದಲೇ ಗೊತ್ತುಮಾಡಿದ್ದರೆ ನಾನು ಆರಿಸಿಕೊಳ್ಳುವುದಕ್ಕೆ ಏನು ಬೆಲೆ?

ತೋರಣಗಲ್ಲಿನ ಕೆಲಸಕ್ಕೆ ಕರೆ ಬಂದಿದೆ, ದೇವರ ಚಿತ್ತ ತಿಳಿಯುವ ತನಕ ಉತ್ತರ ಕೊಡದೆ ಕೂತಿದ್ದೇನೆ ಎಂದಿದ್ದೀರಿ. ನಾನೂ ಹಾಗೇ ಕೂತವನು.

ನಮ್ಮದು ಸಿರುಗುಪ್ಪ ಕಡೆಯ ಹಳ್ಳಿ. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯಲ್ಲಿ ಹೊಸ ವರ್ಷಕ್ಕೆಂದು ಒಬ್ಬೊಬ್ಬರಿಗೆ ಒಂದೊಂದು ವಚನ ಬರೆದ ವಾಗ್ದಾನದ ಕಾರ್ಡು ಕೊಡುತ್ತಾರೆ. ಆ ವರ್ಷ ನನ್ನ ಕೈಗೆ ಬಂದದ್ದು ವಿಮೋಚನಕಾಂಡ 14:14. ಕರ್ತನೇ ನಿಮಗಾಗಿ ಯುದ್ಧ ಮಾಡುತ್ತಾನೆ, ನೀವು ಸುಮ್ಮನಿರಿ ಎನ್ನುವ ಮಾತು. ಕೆಲವೇ ದಿನಗಳಲ್ಲಿ ಒಂದು ಸರ್ಕಾರಿ ಹುದ್ದೆಗೆ ಅರ್ಜಿ ಕರೆದರು. ನನಗೆ ಸರಿಹೋಗುವ ಹುದ್ದೆ. ಕಾರ್ಡನ್ನು ಸತ್ಯವೇದದೊಳಗೆ ಇಟ್ಟು, ಇದು ನನ್ನದೇ ಎಂದುಕೊಂಡೆ.

ತಪ್ಪಾದದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಪ್ರಾರ್ಥನೆ ಮಾಡಿದ್ದು ತಪ್ಪಲ್ಲ. ಉಪವಾಸ ಮಾಡಿದ್ದೂ ತಪ್ಪಲ್ಲ. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ ಅಲ್ವಾ, 2012ರ ತಿದ್ದುಪಡಿಯಿಂದ ಬಂದದ್ದು. ಅದಕ್ಕೆ ಎಸಿ (ಉಪವಿಭಾಗಾಧಿಕಾರಿ) ಆಫೀಸಿನ ಪ್ರಮಾಣಪತ್ರ ಬೇಕು. ಶಾಲೆಯ ವ್ಯಾಸಂಗ ಪತ್ರಕ್ಕೆ ಹೆಡ್‌ಮಾಸ್ತರರ ಸಹಿ ಮೊದಲ ವಾರವೇ ಆಗಿತ್ತು. ಇನ್ನೊಂದೆರಡು ಓಡಾಟ ಉಳಿದಿತ್ತು, ಅಷ್ಟೇ. ಅಲ್ಲಿಗೆ ನಿಂತುಬಿಟ್ಟೆ. ದೇವರು ಗೊತ್ತುಮಾಡಿದ್ದರೆ ಹೇಗಾದರೂ ಆಗುತ್ತದೆ, ನಾನು ಓಡಾಡಿದರೆ ಅದು ನಂಬಿಕೆಯ ಕೊರತೆ ಎಂದುಕೊಂಡೆ. ಅವ್ವ ದಿನಾ ಹೇಳುತ್ತಿದ್ದಳು: "ಹೋಗಿ ಬಾರಪ್ಪ, ದೇವ್ರೇನು ಬ್ಯಾಡ ಅಂತಾನೇನು?" ನಿನಗೆ ಗೊತ್ತಾಗಲ್ಲ ಅವ್ವ ಅಂದೆ. ಕೊನೆಯ ವಾರ ಬಳ್ಳಾರಿಗೆ ಓಡಿದಾಗ ಹೊತ್ತು ಮೀರಿತ್ತು. ಪತ್ರವಿಲ್ಲದೆ ಅರ್ಜಿ ಹಾಕಿದೆ. ಸ್ಥಳೀಯರ ಪಾಲಿನಲ್ಲಿ ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನಗಿಂತ ಕಡಿಮೆ ಅಂಕದವರು ಕೆಲಸಕ್ಕೆ ಸೇರಿದರು.

ಆಗ ದೇವರ ಮೇಲೇ ಸಿಟ್ಟು ಬಂತು. ನನ್ನ ಹಣೆಬರಹ ಇಷ್ಟೇ ಅಂದೆ. ಆ ಮಾತು ಬಾಯಿಂದ ಬಂದ ಮೇಲೆ ನನಗೇ ಭಯವಾಯಿತು. ನಾನು ನಂಬುತ್ತಿದ್ದದ್ದು ಹಣೆಬರಹವನ್ನು. ಅದಕ್ಕೆ ದೇವರ ಚಿತ್ತ ಎಂದು ಹೆಸರಿಟ್ಟಿದ್ದೆ, ಅಷ್ಟೇ.

ತಿಂಗಳುಗಳ ಮೇಲೆ ಒಂದು ರಾತ್ರಿ ಕಾರ್ಡಿನ ವಚನವನ್ನು ಸತ್ಯವೇದದಲ್ಲಿ ತೆಗೆದು, ಅದರ ಮುಂದಿನದನ್ನೂ ಓದಿದೆ. 14:15. ನನಗೇಕೆ ಮೊರೆಯಿಡುತ್ತೀ, ಮುಂದಕ್ಕೆ ಹೊರಡಬೇಕೆಂದು ಜನರಿಗೆ ಹೇಳು ಎಂದು ದೇವರು ಮೋಶೆಗೆ ಹೇಳುತ್ತಾನೆ. ಸಮುದ್ರವನ್ನು ಸೀಳಿದವನು ದೇವರೇ. ಆದರೆ ನಡೆದು ದಾಟಿದ್ದು ಜನ. ಕಾರ್ಡಿನಲ್ಲಿ ಆ ಸಾಲು ಇರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ದೇವರ ಪಾಲು ಜಾಸ್ತಿಯಾದರೆ ನಮ್ಮದು ಕಡಿಮೆಯಾಗುತ್ತದೆ ಎಂದು ಹೊಲದ ಹಾಗೆ ಭಾಗ ಮಾಡುತ್ತಿದ್ದೀರಿ. ಅಪೊಸ್ತಲರ ಕೃತ್ಯಗಳು 27 ಓದಿ. ಹಡಗಿನಲ್ಲಿ 276 ಜನ. ಒಬ್ಬರ ಪ್ರಾಣವೂ ಹೋಗುವುದಿಲ್ಲ ಎಂದು ದೇವದೂತನು ಪೌಲನಿಗೆ ಮಾತು ಕೊಟ್ಟಿದ್ದಾನೆ. ಆದರೂ ನಾವಿಕರು ಚಿಕ್ಕ ದೋಣಿಯಲ್ಲಿ ಕದ್ದು ಓಡಲು ನೋಡಿದಾಗ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕುವುದಿಲ್ಲ ಎಂದು ಅದೇ ಪೌಲ ಸೈನಿಕರಿಗೆ ಹೇಳುತ್ತಾನೆ. ಅವರು ದೋಣಿಯ ಹಗ್ಗ ಕಡಿಯುತ್ತಾರೆ. ಎಲ್ಲರೂ ದಡ ಸೇರುತ್ತಾರೆ. ಮಾತು ಕೊಟ್ಟ ದೇವರು ಆ ಹಗ್ಗ ಕಡಿದ ಕೈಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದ.

ದೇವರೇ ಮೊದಲೇ ಆರಿಸುತ್ತಾನೆ ಎಂದ ಕಾಲ್ವಿನ್ ಸರಿಯೋ, ಮನುಷ್ಯನ ಒಪ್ಪಿಗೆಗೂ ಪಾಲಿದೆ ಎಂದ ಅರ್ಮೀನಿಯಸ್ ಸರಿಯೋ ಎಂದು 1618–19ರಲ್ಲಿ ನೆದರ್ಲೆಂಡ್ಸಿನ ಡಾರ್ಟ್ ಊರಿನಲ್ಲಿ ತಿಂಗಳುಗಟ್ಟಲೆ ಸಭೆ ಕೂತರು. ಅರ್ಮೀನಿಯಸ್ ಕಡೆಯವರ ಮಾತನ್ನು ಅಲ್ಲಿ ತಳ್ಳಿಹಾಕಿದರು, ವಾದ ಮಾತ್ರ ಇವತ್ತಿಗೂ ಮುಗಿದಿಲ್ಲ. ನೀವು ಅದನ್ನು ಬಗೆಹರಿಸಿಯೇ ಕೆಲಸಕ್ಕೆ ಸೇರಬೇಕಿಲ್ಲ. ನಮ್ಮ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ ಎಂಬ ಇಂಗ್ಲೆಂಡಿನ ಮಿಷನರಿ ಸಂಘದವರಲ್ಲಿ ಹೆಚ್ಚಿನವರು ಕಾಲ್ವಿನ್ ಪರಂಪರೆಯವರೇ. ಜನರನ್ನು ಆರಿಸಿಕೊಳ್ಳುವವನು ದೇವರು ಎಂದು ನಂಬಿದವರು. ಆದರೂ ಅವರಲ್ಲೊಬ್ಬರಾದ ಜಾನ್ ಹ್ಯಾಂಡ್ಸ್ ಸುಮ್ನೆ ಕೂರಲಿಲ್ಲ. ಕನ್ನಡ ಕಲಿತರು, ಸತ್ಯವೇದವನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದರು.

ಸಂಬಳ, ಪಾಳಿ, ಮನೆಯ ಪರಿಸ್ಥಿತಿ ನೋಡಿ. ನಿಮ್ಮನ್ನು ಬಲ್ಲ ಹಿರಿಯರನ್ನು ಕೇಳಿ. ಪ್ರಾರ್ಥನೆ ಮಾಡಿ, ಆಮೇಲೆ ನೀವೇ ತೀರ್ಮಾನಿಸಿ. ಇನ್ನೊಂದು ಗುರುತಿಗಾಗಿ ಕಾಯಬೇಡಿ. ಉತ್ತರ ಕೊಡಲು ಕೊನೆಯ ದಿನ ಯಾವುದು ಎಂದು ನೀವು ಬರೆದೇ ಇಲ್ಲ. ಕೆಲಸಕ್ಕೆ ಕರೆದ ಆ ಪತ್ರ ತೆಗೆದು ಮೊದಲು ಅದನ್ನು ನೋಡಿ.