ಗೋಸಂಪಿಗೆ ಕಡ್ಡಿ ಕೊಳೆತಿದ್ದಕ್ಕೆ

ಆಷಾಢದಲ್ಲಿ ನೆಟ್ಟ ಗೋಸಂಪಿಗೆ ಕಡ್ಡಿ ಬುಡದಲ್ಲೇ ಮೆತ್ತಗಾಯಿತು ಅಂತ ಕೇಳಿದ್ದೀರಲ್ಲ, ತೀರ್ಥಹಳ್ಳಿ ಮಳೆಗೆ ಅದು ಕೊಳೆಯದೆ ಇನ್ನೇನಾದೀತು! ದಾಸವಾಳಕ್ಕೆ ಆ ಕಾಲ ಸರಿ, ಇದಕ್ಕಲ್ಲ.

ಫೆಬ್ರವರಿ, ಮಾರ್ಚ್‌ನಲ್ಲಿ ಒಂದಡಿಯ ಬಲಿತ ಕಡ್ಡಿ ಕತ್ತರಿಸಿ. ಕೊಯ್ದಲ್ಲಿ ಹಾಲು ಸುರಿಯುತ್ತದೆ. ಅದು ಒಣಗಿ ಗಾಯ ಮುಚ್ಚುವವರೆಗೆ, ಅಂದರೆ 7-10 ದಿನ, ನೆರಳಲ್ಲಿ ಇಡಿ. ನಾನು ಈ ಕೆಲಸಕ್ಕೆ ಸೋಮಾರಿತನ ಮಾಡಿ ಎರಡು ಸಲ ಕಡ್ಡಿ ಕಳೆದುಕೊಂಡಿದ್ದೇನೆ. ಮಣ್ಣಿಗೆ ಅರ್ಧ ಮರಳು ಬೆರೆಸಿ, ನೀರು ನಿಲ್ಲದ ದಿಬ್ಬದ ಮೇಲೆ ಬಿಸಿಲಲ್ಲಿ ನೆಡಿ. ಚಿಗುರುವವರೆಗೆ ನೀರು ಕಮ್ಮಿ ಸಾಕು.

ಚಳಿಗಾಲದಲ್ಲಿ ಎಲೆ ಉದುರಿ ಬೋಳಾದರೆ ಸತ್ತಿತು ಅಂತ ಸುಮ್ನೆ ಕಿತ್ತುಬಿಡಬೇಡಿ. ಮಳೆಗಾಲದಲ್ಲಿ ಎಲೆಯಡಿ ಕಿತ್ತಳೆ ಬಣ್ಣದ ಪುಡಿ ಕಂಡರೆ ತುಕ್ಕು ರೋಗ. ಆ ಎಲೆ ಆರಿಸಿ ಸುಡಿ.

ಅಂಗಳ ಚಿಕ್ಕದಾದರೆ ಗೋಸಂಪಿಗೆಯಲ್ಲೇ ಪುಡಿಕಾ ಅನ್ನುವ ಜಾತಿ ತನ್ನಿ. ಬಿಳಿ ಹೂವು, ಎಲೆ ನಾಗರಹೆಡೆ ಥರ.