208, 222ರಲ್ಲಿ ತಗ್ಗು ಇಲ್ಲ ಅಂದರೆ ಪೆಪ್ಟೈಡ್ ಮಡಚಿಲ್ಲ ಅಂತಲ್ಲ
ನಿಮ್ಮ ಬೀಟಾ-ಪೆಪ್ಟೈಡ್ (ಬೀಟಾ ಅಮೈನೋ ಆಮ್ಲಗಳ ಕೃತಕ ಸರಣಿ) ಸಿಡಿಯಲ್ಲಿ, ಅಂದರೆ ಅಣುವಿನ ಮಡಿಕೆ ತೋರಿಸುವ ವೃತ್ತೀಯ ದ್ವಿವರ್ಣತೆಯ ಅಳತೆಯಲ್ಲಿ, ಒಂದೇ ತಗ್ಗು ಕೊಟ್ಟಿತು, ಹಾಗಾಗಿ ಮಡಚಿಲ್ಲವೇನೋ ಎಂದು ಕೇಳಿದ್ದಿರಿ. ತಪ್ಪು ನಿಮ್ಮ ಬೀಟಾ-ಪೆಪ್ಟೈಡ್‌ನದಲ್ಲ, ಹೋಲಿಕೆಯದು ಇರಬೇಕು. 208 ಮತ್ತು 222 ನ್ಯಾನೋಮೀಟರಿನ ಜೋಡಿ ತಗ್ಗು ಸಹಜ ಪ್ರೋಟೀನಿನ ಆಲ್ಫಾ ಸುರುಳಿಯ ಗುರುತು. ಬೀಟಾ-3 ಸರಣಿ (ಪ್ರತಿ ಘಟಕದ ಮೂರನೆಯ ಕಾರ್ಬನ್ನಿನಲ್ಲಿ ಪಾರ್ಶ್ವಸರಣಿ ಇರುವುದು) ಸಾಮಾನ್ಯವಾಗಿ 14-ಸುರುಳಿಯಾಗುತ್ತದೆ, ಅಂದರೆ ಹೈಡ್ರೋಜನ್ ಬಂಧಗಳು 14 ಪರಮಾಣುಗಳ ಉಂಗುರ ಕಟ್ಟುವ ಸುರುಳಿ. ಸುತ್ತಿಗೆ ಸುಮಾರು ಮೂರು ಘಟಕ, ಸಿಡಿಯಲ್ಲಿ 215ರ ಆಸುಪಾಸು ಒಂದೇ ತಗ್ಗು. ನೀವು ಬರೆದ 'ಒಂಟಿ ತಗ್ಗು' ಅದೇ ಇದ್ದೀತು. ಸಾಫ್ಟ್‌ವೇರ್ ಕೊಟ್ಟ 'ಸುರುಳಿ 4%' ಮರೆತುಬಿಡಿ, ಅದಕ್ಕೆ ಗೊತ್ತಿರುವುದು ಸಹಜ ಪ್ರೋಟೀನು ಮಾತ್ರ.

ಮೊದಲು ದ್ರಾವಕ (ಪೆಪ್ಟೈಡ್ ಕರಗಿಸಿದ ದ್ರವ) ನೋಡಿ. ಡಿಎಂಎಸ್‌ಒ ಎಂಬ ದ್ರಾವಕ ಚೂರು ಉಳಿದಿದ್ದರೂ ಆ ತರಂಗಾಂತರಗಳ ಬೆಳಕನ್ನೆಲ್ಲ ಅದೇ ನುಂಗುತ್ತದೆ. ಚೆನ್ನಾಗಿ ಒಣಗಿಸಿ, ಮೆಥನಾಲಿನಲ್ಲಿ ಕರಗಿಸಿ, 1 ಮಿ.ಮೀ. ಬೆಳಕಿನ ಹಾದಿಯ ಕುವೆಟ್ (ಅಳತೆಯ ಪಾರದರ್ಶಕ ಪಾತ್ರೆ)‌ನಲ್ಲಿ ಓಡಿಸಿ. ಬಳ್ಳಾರಿಯ ಏಪ್ರಿಲ್‌ನಲ್ಲಿ ಮುಚ್ಚಳ ಸಡಿಲಿದ್ದರೆ ಮೆಥನಾಲ್ ಕಣ್ಣೆದುರೇ ಆರಿ ಸಾಂದ್ರತೆ ಏರುತ್ತದೆ (ನಾನು ಒಂದು ವಾರ ಹೀಗೇ ಕಳೆದೆ), ಹಾಗಾಗಿ ಬಿಗಿಯಾಗಿ ಮುಚ್ಚಿ, ತಾಪ 25 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸಿ. ಬರೀ ಮೆಥನಾಲಿನ ರೇಖೆ ಕಳೆದು, ಬಂದ ಮೌಲ್ಯವನ್ನು ಘಟಕಗಳ ಸಂಖ್ಯೆಯಿಂದ ಭಾಗಿಸಿ.

ಮೆಥನಾಲಿನಲ್ಲಿ 215 ಕಂಡು ನೀರಿನಲ್ಲಿ ಮಾಯವಾದರೆ ಗಾಬರಿ ಬೇಡ, ಗಿಡ್ಡ ಬೀಟಾ-3 ಸರಣಿಗಳು ನೀರಿನಲ್ಲಿ ಬಿಚ್ಚಿಕೊಳ್ಳುವುದು ಮಾಮೂಲು. ಮೂರು ಸ್ಥಾನಗಳ ಅಂತರದಲ್ಲಿ ವಿರುದ್ಧ (ಧನ, ಋಣ) ವಿದ್ಯುದಾವೇಶದ ಪಾರ್ಶ್ವಸರಣಿ ಇಡಿ, ಇಲ್ಲವೇ ಒಂದೆರಡು ಕಡೆ ಉಂಗುರವಿರುವ ಬೀಟಾ ಅಮೈನೋ ಆಮ್ಲ ಎಸಿಎಚ್‌ಸಿ ಸೇರಿಸಿ.

ನಿಮ್ಮ ಸರಣಿ ನೋಡದೆ 14-ಸುರುಳಿ ಎಂದು ನಾನು ಖಡಾಖಂಡಿತ ಹೇಳಲಾರೆ; ಸಿಡಿಯೊಂದೇ ಸಾಕ್ಷಿಯೂ ಅಲ್ಲ. ಎನ್‌ಎಂಆರ್ ಸಮಯ ಸಿಕ್ಕರೆ ಒಂದು ಘಟಕಕ್ಕೂ ಅದರಿಂದ ಮೂರನೆಯದಕ್ಕೂ ನಡುವೆ ಎನ್‌ಒಇ (ಎರಡು ಪರಮಾಣುಗಳು ಹತ್ತಿರವಿವೆ ಎಂದು ಎನ್‌ಎಂಆರ್ ತೋರಿಸುವ ಸಂಕೇತ) ಇದೆಯೇ ಹುಡುಕಿ.