ಉಂಬಳದ ಸಂಗತಿ ಕವನದಲ್ಲಿ ಯಾಕಿಲ್ಲ?

ನಮಸ್ಕಾರ.

ನೀವು ಕಳಿಸಿದ ಹನ್ನೆರಡೂ ಕವನಗಳನ್ನು ಎರಡೆರಡು ಸಲ ಓದಿದೆ. ಪ್ರಕಟಿಸುತ್ತಿಲ್ಲ. ಬೇಜಾರಾಗುತ್ತದೆ ಅಂತ ಗೊತ್ತು, ಆದರೂ ಸುತ್ತಿ ಬಳಸಿ ಹೇಳುವುದಕ್ಕಿಂತ ಮೊದಲೇ ಹೇಳಿಬಿಡುವುದು ಒಳ್ಳೆಯದು ಅಲ್ವಾ.

ಎಲ್ಲವೂ ಹೆಂಡತಿಯ ಮೇಲೆ ಬರೆದವು. ಅವರ ಮುಖ ಚಂದ್ರ, ಕಣ್ಣು ಕಮಲ, ನಡಿಗೆ ಹಂಸ. ಐದನೇ ಕವನಕ್ಕೆ ಬರುವಾಗ ಅವರ ಮುಖವೇ ನನಗೆ ಕಾಣದಾಯಿತು. ಈ ಮಾತುಗಳನ್ನು ಯಾರ ಹೆಂಡತಿಗೆ ಬೇಕಾದರೂ ಹೇಳಬಹುದು. ಅದೇ ತೊಂದರೆ.

ಆದರೆ ಜೊತೆಗೆ ಒಂದು ಪತ್ರ ಇಟ್ಟಿದ್ದಿರಲ್ಲ, ಅದರ ಕೊನೆಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೀರಿ. ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿ ನೀವು ಶಿರಸಿಯಿಂದ ಕೊನೇ ಬಸ್ಸಿಗೆ ಬಂದಿಳಿದು ತೋಟದ ದಾರಿ ಹಿಡಿದರೆ ಅವರು ದಣಪೆ, ಅಂದರೆ ಬೇಲಿಯ ಬಾಗಿಲ, ಹತ್ತಿರ ಬ್ಯಾಟರಿ ಹಿಡಿದು ನಿಂತಿರುತ್ತಾರೆ, ಮಾತಿಲ್ಲ ಕತೆಯಿಲ್ಲ, ಜಗಲಿ ಮೇಲೆ ಕೂರಿಸಿ ಕಾಲಿಗೆ ಹತ್ತಿ ರಕ್ತ ಹೀರುವ ಜಿಗಣೆಯಂಥ ಉಂಬಳಗಳನ್ನು ಸುಣ್ಣ ಹಚ್ಚಿ ಒಂದೊಂದಾಗಿ ಬಿಡಿಸುತ್ತಾರೆ, ಆಮೇಲೆ "ಊಟಕ್ಕೆ ಬನ್ನಿ, ತಣ್ಣಗಾಯ್ತು" ಅಂತ ಗದರುತ್ತಾರೆ ಅಂತ. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಹಾಗೇ ಕೂತೆ. ನಿಮ್ಮ ಕವನ ಇರುವುದು ಅಲ್ಲಿ.

ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಬಂದಿದ್ದು 1942ರಲ್ಲಿ. ಅದರ ಬಳೆಗಾರನ ಪದ್ಯವನ್ನು ಇನ್ನೊಮ್ಮೆ ಓದಿ. ಹೆಂಡತಿ ತವರಿನಲ್ಲಿದ್ದಾಳೆ. ಬಳೆ ಮಾರುವವನು ಗಂಡನ ಬಾಗಿಲಿಗೆ ಬಂದು ಅವಳ ಸುದ್ದಿ ಹೇಳುತ್ತಾನೆ. ಗಂಡ ಎಷ್ಟು ಹಂಬಲಿಸಿದ್ದಾನೆ ಅಂತ ಕವಿ ವಿವರಿಸುವುದೇ ಇಲ್ಲ, ಆ ಸುದ್ದಿ ಕೇಳುತ್ತ ನಮಗೇ ಗೊತ್ತಾಗುತ್ತದೆ. ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಮಗುವಿನ ಸಾವಿನ ನೋವಿನಲ್ಲಿ ಹುಟ್ಟಿದ ಪದ್ಯ. ಹೆಂಡತಿಯ ನೋಟ ಎದುರಿಸಲಾಗದ ಗಂಡ ಅಲ್ಲಿದ್ದಾನೆ. ನನಗಂತೂ ಅದಕ್ಕಿಂತ ದೊಡ್ಡ ಪ್ರೇಮದ ಪದ್ಯ ಗೊತ್ತಿಲ್ಲ.

ನಾನು ಕಾರವಾರದವನು, ಹಾಗಾಗಿ ಟಾಗೋರರನ್ನೂ ನೆನೆಯುತ್ತೇನೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, 22ರ ಹುಡುಗ ಇಲ್ಲಿಗೆ ಬಂದರು. ಈ ಕಡಲ ತೀರದಲ್ಲಿ ನಾಟಕವನ್ನೂ ಬರೆದರು. ವಾಪಸು ಹೋಗಿ ಅದೇ ಡಿಸೆಂಬರಿನಲ್ಲಿ ಮೃಣಾಲಿನಿ ದೇವಿಯವರನ್ನು ಮದುವೆಯಾದರು. 1902ರಲ್ಲಿ ಆಕೆ ತೀರಿಕೊಂಡ ಮೇಲೆ ಬರೆದ ಕವನಗಳೇ 'ಸ್ಮರಣ'. ಅದರಲ್ಲೊಂದು ಕವನ ಇದೆ: ಹೆಂಡತಿ ಹೋದ ಮೇಲೆ ಕವಿಗೆ ಕೆಲವು ಹಳೇ ಕಾಗದ ಸಿಗುತ್ತವೆ, ಆಕೆ ಜೋಪಾನವಾಗಿ ಎತ್ತಿಟ್ಟುಕೊಂಡಿದ್ದವು. ಅಷ್ಟೇ. ಅಷ್ಟು ದೊಡ್ಡ ಕವಿ, ಬರೆದಿದ್ದು ಎತ್ತಿಟ್ಟ ಕಾಗದದ ಬಗ್ಗೆ. ನಿಮಗೆ ದಣಪೆಯ ಬೆಳಕು ಈಗಲೇ ಕಂಡಿದೆ, ಅವರೂ ಎದುರಿಗೇ ಇದ್ದಾರೆ. ತಡ ಮಾಡಬೇಡಿ.

ಉಂಬಳ ಅನ್ನುವ ಪದ ಕವನಕ್ಕೆ ಒಗ್ಗುವುದಿಲ್ಲ ಅಂತ ಹೆದರಿ ಬಿಟ್ಟಿರಬಹುದು. ಒಗ್ಗುತ್ತದೆ. ಬ್ಯಾಟರಿಯೂ ಇರಲಿ, ತಣ್ಣಗಾದ ಊಟವೂ ಇರಲಿ. ಗದರಿದ್ದನ್ನಂತೂ ಬಿಡಲೇಬೇಡಿ, ಅವರ ದನಿ ಕೇಳಿಸುವುದು ಅಲ್ಲಿ ಮಾತ್ರ. ಪ್ರಾಸಕ್ಕೆ ಜಾಸ್ತಿ ಒದ್ದಾಡಬೇಡಿ, ಸಿಕ್ಕರೆ ಸಿಗಲಿ. ಇನ್ನೊಂದು: ಎಲ್ಲ ಹೇಳಿಯಾದ ಮೇಲೆ 'ಇದುವೇ ಪ್ರೇಮ' ಅಂತ ಕೊನೇ ಸಾಲು ಸೇರಿಸುವ ಆಸೆ ಬರುತ್ತದೆ, ನಿಮ್ಮ ಹನ್ನೆರಡರಲ್ಲಿ ಒಂಬತ್ತು ಹಾಗೇ ಮುಗಿದಿವೆ. ಈ ಸಲ ಬೇಡ.

ಬರೆದಾದ ಮೇಲೆ ಮೊದಲು ಅವರಿಗೇ ಓದಿ ಹೇಳಿ. "ಅವತ್ತು ಹಚ್ಚಿದ್ದು ಸುಣ್ಣ ಅಲ್ಲ, ಉಪ್ಪು" ಅಂದರೆ ತಿದ್ದಿ. ಆಮೇಲೆ ನನಗೆ ಕಳಿಸಿ, ಒಂದೇ ಕವನ ಸಾಕು.